ಬೇಸಿಗೆಯ ಬಿಸಿಲು ಮತ್ತು ಅಂಗಡಿಯ ಟ್ಯಾಬ್ಲೆಟ್

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಕಲಬುರಗಿಯ ಅಡತಿ ವ್ಯಾಪಾರಿಯೊಬ್ಬರ ಅಂಗಡಿಯ ಮುಂದೆ ದಾಲ್ ಮಿಲ್ಲಿಗೆ ಹೊರಡಬೇಕಾಗಿದ್ದ ತೊಗರಿಯ ಲಾರಿಯೊಂದು ನಿಂತಿತ್ತು. ಹಮಾಲರು ಚೀಲಗಳನ್ನು ತುಂಬಿ ಮುಗಿಸಿದ್ದರು. ತೂಕದ ಪಟ್ಟಿ, ಬಿಲ್ಲು, ಇ-ವೇ ಬಿಲ್ಲು ಎಲ್ಲವೂ ಗಾದಿಯ ಪಕ್ಕದಲ್ಲಿದ್ದ ಹತ್ತು ಅಂಗುಲದ ಟ್ಯಾಬ್ಲೆಟ್ಟಿನಿಂದಲೇ ಸಿದ್ಧವಾಗಬೇಕಾಗಿತ್ತು. ಸರಿಯಾಗಿ ಆ ವೇಳೆಗೆ ಪರದೆಯು ಮಂಕಾಗಿ, ಉಪಕರಣವು ತಣ್ಣಗಾಗುವವರೆಗೆ ಅದನ್ನು ಬಳಸಲಾಗದೆಂಬ ಸೂಚನೆಯೊಂದು ಮೂಡಿತು. ಮಾಲೀಕರ ಮಗನು ಅದನ್ನು ಎದುರಿನ ತಂಪುಪಾನೀಯದ ಅಂಗಡಿಗೆ ಒಯ್ದು ಫ್ರಿಜ್ಜಿನಲ್ಲಿಟ್ಟು ಕಾಲು ಗಂಟೆಯ ನಂತರ ತಂದನು. ಪರದೆ ಬೆಳಗಿತು, ಬಿಲ್ಲು ಆಯಿತು, ಲಾರಿ ಹೊರಟಿತು. ಉಪಾಯ ಫಲಿಸಿದುದರಿಂದ ಮುಂದಿನ ಮೂರು ದಿನಗಳೂ ಅದೇ ಕ್ರಮ ನಡೆಯಿತು. ನಾಲ್ಕನೆಯ ದಿನ ಗಾಜಿನ ಒಳಮೈಯಲ್ಲಿ ಮಂಜಿನಂತಹ ತೇವ ಕಾಣಿಸಿತು. ಐದನೆಯ ದಿನ ಬೆಳಿಗ್ಗೆ ಟ್ಯಾಬ್ಲೆಟ್ ಏಳಲೇ ಇಲ್ಲ.

ದುರಸ್ತಿ ಕೇಂದ್ರದವರು ಒಳಗಿನ ತೇವಸೂಚಕ ಪಟ್ಟಿಯ ಬಣ್ಣ ಬದಲಾಗಿರುವುದನ್ನು ತೋರಿಸಿ, ಇದು ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲವೆಂದರು. ಉಪಕರಣದ ಬೆಲೆ ಹೋದದ್ದಕ್ಕಿಂತ ಹೆಚ್ಚಿನ ಚಿಂತೆ ಬೇರೆಯದಾಗಿತ್ತು. ಅಂಗಡಿಯ ಇಂಟರ್‌ನೆಟ್ ಕೆಟ್ಟಿದ್ದ ಕಾರಣ ಆ ವಾರದ ಉದ್ರಿ ಲೆಕ್ಕವು ಆ ಒಂದು ಟ್ಯಾಬ್ಲೆಟ್ಟನ್ನು ಬಿಟ್ಟು ಬೇರೆಲ್ಲಿಯೂ ನಕಲಾಗಿರಲಿಲ್ಲ. ರೈತರ ಕೈಯಲ್ಲಿದ್ದ ಚೀಟಿಗಳನ್ನೂ ಖರೀದಿದಾರರ ನೆನಪನ್ನೂ ಆಧರಿಸಿ ಲೆಕ್ಕವನ್ನು ಪುನಃ ಬರೆದುಕೊಳ್ಳಲು ಹದಿನೈದು ದಿನಗಳು ಹಿಡಿದವು. ಒಂದೆರಡು ಕಡೆ ತಾಳೆಯಾಗದ ಮೊತ್ತವನ್ನು ಅವರು ತಾವೇ ಭರಿಸಿದರು. ‘ಕಿರ್ದಿ ಪುಸ್ತಕಕ್ಕೆ ಬಿಸಿಲು ಬಡಿದು ಕೆಟ್ಟದ್ದನ್ನು ನಮ್ಮ ಅಪ್ಪ ಕಂಡವರಲ್ಲ’ ಎಂದು ಅವರು ನನ್ನೊಡನೆ ಹೇಳಿದ್ದು ಈ ಲೇಖನಕ್ಕೆ ಕಾರಣವಾಯಿತು.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ನಮ್ಮ ವ್ಯವಹಾರದ ಬಹುಭಾಗವು ಅಂಗೈಯಗಲದ ಉಪಕರಣಗಳಿಗೆ ವರ್ಗವಾಗಿದೆ. ಮೊಬೈಲ್, ಟ್ಯಾಬ್ಲೆಟ್, ಕಾರ್ಡ್ ಉಜ್ಜುವ ಯಂತ್ರ, ಜಮೆಯಾದ ಹಣವನ್ನು ಕೂಗಿ ಹೇಳುವ ಸೌಂಡ್ ಬಾಕ್ಸ್, ಕೈಯಲ್ಲಿ ಹಿಡಿಯುವ ಬಿಲ್ಲಿಂಗ್ ಯಂತ್ರ, ಬ್ಯಾಟರಿಯ ತೂಕದ ಯಂತ್ರ, ಇವುಗಳಲ್ಲಿ ಯಾವುದೊಂದು ನಿಂತರೂ ಗಲ್ಲಾಪೆಟ್ಟಿಗೆ ನಿಂತಂತೆಯೇ ಸರಿ. ಆದರೂ ಇವು ಬೇಸಿಗೆಯಲ್ಲಿ ಕೆಟ್ಟರೆ ಅದನ್ನು ದುರದೃಷ್ಟವೆಂದೇ ನಾವು ಬಗೆಯುತ್ತೇವೆ. ವಾಸ್ತವವಾಗಿ ಉಷ್ಣಾಂಶದಿಂದ ಆಗುವ ಹಾನಿಯು ಆಕಸ್ಮಿಕವಲ್ಲ. ಅದು ನಿಯಮಬದ್ಧವಾಗಿ, ಬಡ್ಡಿ ಬೆಳೆಯುವಂತೆ ದಿನದಿನವೂ ಬೆಳೆಯತಕ್ಕದ್ದು. ಲೆಕ್ಕ ತಿಳಿದವರು ಅದರ ಬಹುಪಾಲನ್ನು ಖರ್ಚಿಲ್ಲದೆ ತಪ್ಪಿಸಿಕೊಳ್ಳಬಹುದು.

35 ಡಿಗ್ರಿಯ ಗೆರೆ

ಟ್ಯಾಬ್ಲೆಟ್ಟಿನೊಡನೆ ಬರುವ ಸಣ್ಣಕ್ಷರದ ಪುಸ್ತಿಕೆಯನ್ನು ಓದುವವರು ವಿರಳ. ಆಪಲ್ ಸಂಸ್ಥೆಯು ತನ್ನ ಐಫೋನ್ ಮತ್ತು ಐಪ್ಯಾಡ್‌ಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವಿರುವ ಕಡೆ ಬಳಸಬೇಕೆಂದೂ, ಬಳಸದೆ ಇಡುವಾಗ ಮೈನಸ್ 20ರಿಂದ 45 ಡಿಗ್ರಿಯ ಒಳಗೆ ಇಡಬೇಕೆಂದೂ ತಿಳಿಸುತ್ತದೆ. ಇತರ ಹಲವು ತಯಾರಕರು ಹಾಕಿರುವ ಮಿತಿಯೂ ಇದರ ಆಸುಪಾಸಿನಲ್ಲಿಯೇ ಇದೆ. ಇದು ಉಪಕರಣದ ಒಳಗಿನ ಉಷ್ಣಾಂಶವಲ್ಲ, ಅದರ ಸುತ್ತಲಿನ ಗಾಳಿಯದು ಎಂಬುದನ್ನು ಗಮನಿಸಬೇಕು.

ಈ ಗೆರೆಯನ್ನು ನಮ್ಮ ನಾಡಿನ ಹವೆಗೆ ಹೋಲಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿಯನ್ನು ದಾಟುವುದು ವಾಡಿಕೆ. ತಂಪು ಊರೆಂಬ ಖ್ಯಾತಿಯ ಬೆಂಗಳೂರಿನಲ್ಲಿಯೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಯಿತು. ಅದೇ ವರ್ಷದ ಮೇ 19ರಂದು ರಾಜಸ್ಥಾನದ ಫಲೋದಿಯಲ್ಲಿ 51 ಡಿಗ್ರಿ ದಾಖಲಾಗಿತ್ತು. ಹವಾಮಾನ ಇಲಾಖೆಯ ಈ ಅಂಕಿಗಳೆಲ್ಲ ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಅಳೆದವು. ತಗಡಿನ ಛಾವಣಿಯ ಗೋದಾಮಿನ ಒಳಗೆ, ನಮ್ಮ ಭಾಗದವರು ಹೇಳುವ ಪತ್ರಾಸಿನ ಕೆಳಗೆ, ಮಧ್ಯಾಹ್ನ ಎಷ್ಟಿರುತ್ತದೆಂಬುದನ್ನು ಅಲ್ಲಿ ಕುಳಿತವರೇ ಬಲ್ಲರು. ಅಂದರೆ ಉತ್ತರ ಕರ್ನಾಟಕದ ವರ್ತಕರು ವರ್ಷದಲ್ಲಿ ಕನಿಷ್ಠ ಎರಡು ತಿಂಗಳು ಈ ಉಪಕರಣಗಳನ್ನು ತಯಾರಕರು ಹಾಕಿದ ಮಿತಿಯ ಆಚೆಗೆ ಬಳಸುತ್ತಿದ್ದಾರೆ.

ನೇರ ಬಿಸಿಲಿನ ಲೆಕ್ಕ ಇನ್ನೂ ಕಠಿಣವಾದುದು. ನಡುಹಗಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಸೂರ್ಯನ ಶಕ್ತಿಯು ಸುಮಾರು 1,000 ವ್ಯಾಟ್. ಹತ್ತು ಅಂಗುಲದ ಟ್ಯಾಬ್ಲೆಟ್ಟಿನ ಮುಖವು 25 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲವಿದೆಯೆಂದು ಹಿಡಿದರೆ ಅದರ ಮೇಲೆ ಬೀಳುವುದು ಸುಮಾರು 42 ವ್ಯಾಟ್. ಕಪ್ಪು ಗಾಜು ಅದರಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ. ಟ್ಯಾಬ್ಲೆಟ್ ತಾನು ಕೆಲಸ ಮಾಡುವಾಗ ಹೊರಹಾಕುವ ಶಾಖವು ಸಾಮಾನ್ಯವಾಗಿ ಐದರಿಂದ ಹತ್ತು ವ್ಯಾಟ್ ಮಾತ್ರ. ಬಿಸಿಲು ಕೊಡುವ ಶಾಖವು ಅದರ ನಾಲ್ಕೈದು ಪಟ್ಟಾಗುತ್ತದೆ. ಒಳಗೆ ಫ್ಯಾನಿಲ್ಲದ, ರಬ್ಬರ್ ಕವಚ ತೊಟ್ಟ ಈ ಉಪಕರಣಕ್ಕೆ ಅಷ್ಟು ಶಾಖವನ್ನು ಹೊರಗೆಡಹುವ ದಾರಿಯಿಲ್ಲ.

ಆರ್ಡರು ಹಿಡಿಯಲು ಊರೂರು ತಿರುಗುವ ಪ್ರತಿನಿಧಿಗಳು ಟ್ಯಾಬ್ಲೆಟ್ಟನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಊಟಕ್ಕೆ ಹೋಗುವುದು ಸಾಮಾನ್ಯ ದೃಶ್ಯ. ನಿಂತ ಕಾರಿನೊಳಗಿನ ಉಷ್ಣಾಂಶವನ್ನು ಕುರಿತು ಅಮೆರಿಕೆಯ ‘ಪೀಡಿಯಾಟ್ರಿಕ್ಸ್’ ಎಂಬ ಮಕ್ಕಳ ವೈದ್ಯಕೀಯ ನಿಯತಕಾಲಿಕೆಯಲ್ಲಿ 2005ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದರ ಪ್ರಕಾರ ಒಂದು ಗಂಟೆಯಲ್ಲಿ ಕಾರಿನ ಒಳಗಿನ ಉಷ್ಣಾಂಶವು ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಆ ಏರಿಕೆಯ ಶೇಕಡಾ 80 ಭಾಗ ಮೊದಲ ಅರ್ಧ ಗಂಟೆಯಲ್ಲಿಯೇ ಆಗಿರುತ್ತದೆ. ಕಿಟಕಿಯ ಗಾಜನ್ನು ಸ್ವಲ್ಪ ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಮಕ್ಕಳ ಪ್ರಾಣರಕ್ಷಣೆಗಾಗಿ ನಡೆದ ಅಧ್ಯಯನವಾದರೂ ಅದರ ಅಂಕಿಗಳು ನಮ್ಮ ಪ್ರಸ್ತುತ ವಿಷಯಕ್ಕೂ ಅನ್ವಯಿಸುತ್ತವೆ. ಹೊರಗೆ 40 ಡಿಗ್ರಿ ಇದ್ದಾಗ ಕಾರಿನೊಳಗೆ 60ರ ಸಮೀಪ ಎಂದು ಹಿಡಿಯಬೇಕಾಗುತ್ತದೆ. ಊಟ ಮುಗಿಸಿ ಬರುವುದಕ್ಕೆ ಅರ್ಧ ಗಂಟೆ ಸಾಕಲ್ಲವೆ!

ಬ್ಯಾಟರಿಯೊಳಗೆ ನಡೆಯುವುದೇನು?

ಇಂದಿನ ಕೈ ಉಪಕರಣಗಳಲ್ಲಿ ಬಹುತೇಕ ಎಲ್ಲದಕ್ಕೂ ಶಕ್ತಿ ನೀಡುತ್ತಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಜಪಾನಿನ ಸೋನಿ ಸಂಸ್ಥೆಯು 1991ರಲ್ಲಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಈ ಬ್ಯಾಟರಿಯಲ್ಲಿ ಎರಡು ತೆಳುವಾದ ಹಾಳೆಗಳ ನಡುವೆ ಒಂದು ದ್ರವವಿರುತ್ತದೆ. ಚಾರ್ಜ್ ಮಾಡುವಾಗ ಲಿಥಿಯಂ ಕಣಗಳು ಒಂದು ಹಾಳೆಯಿಂದ ಹೊರಟು ದ್ರವದ ಮೂಲಕ ಸಾಗಿ ಇನ್ನೊಂದರ ಗ್ರಾಫೈಟ್ ಪದರಗಳೊಳಗೆ ಸೇರುತ್ತವೆ, ಬಳಸುವಾಗ ಹಿಂದಿರುಗುತ್ತವೆ.

ಈ ಮುಖ್ಯ ವ್ಯವಹಾರದ ಜೊತೆಗೆ ಬೇಡದ ಕೆಲವು ರಾಸಾಯನಿಕ ಕ್ರಿಯೆಗಳೂ ನಡೆಯುತ್ತಿರುತ್ತವೆ. ದ್ರವವು ಸ್ವಲ್ಪ ಸ್ವಲ್ಪವಾಗಿ ಒಡೆಯುತ್ತದೆ. ಹಾಳೆಯ ಮೇಲೆ ಕಿಟ್ಟದಂತಹ ಪದರವೊಂದು ದಪ್ಪವಾಗುತ್ತಾ ಹೋಗಿ, ಒಂದಿಷ್ಟು ಲಿಥಿಯಂ ಅದರಲ್ಲಿ ಶಾಶ್ವತವಾಗಿ ಸಿಲುಕಿಕೊಳ್ಳುತ್ತದೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ದುಡಿಯುವ ಬಂಡವಾಳವು ವಸೂಲಾಗದ ಬಾಕಿಯಾಗಿ ಮಾರ್ಪಡುತ್ತದೆ. ಈ ಅಡ್ಡಕ್ರಿಯೆಗಳ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಶಾಖ. ಸ್ವೀಡನ್ನಿನ ರಸಾಯನ ವಿಜ್ಞಾನಿ ಸ್ವಾಂಟೆ ಅರ್ರೇನಿಯಸ್ ಅವರು 1889ರಲ್ಲಿ ಉಷ್ಣಾಂಶಕ್ಕೂ ರಾಸಾಯನಿಕ ಕ್ರಿಯೆಯ ವೇಗಕ್ಕೂ ಇರುವ ಸಂಬಂಧವನ್ನು ಸೂತ್ರರೂಪದಲ್ಲಿ ವಿವರಿಸಿದರು. ಅದರಿಂದ ಇಂಜಿನಿಯರುಗಳು ತೆಗೆದುಕೊಂಡಿರುವ ಸ್ಥೂಲ ನಿಯಮವೆಂದರೆ, ಉಷ್ಣಾಂಶವು ಪ್ರತಿ 10 ಡಿಗ್ರಿ ಏರಿದಂತೆ ಕ್ರಿಯೆಯ ವೇಗವು ಸುಮಾರು ಇಮ್ಮಡಿಯಾಗುತ್ತದೆ. 25 ಡಿಗ್ರಿಯಲ್ಲಿ ಒಂದು ಪಾಲು ಸವೆಯುವ ಬ್ಯಾಟರಿಯು 35ರಲ್ಲಿ ಎರಡು ಪಾಲು, 45ರಲ್ಲಿ ನಾಲ್ಕು ಪಾಲು ಸವೆಯುತ್ತದೆಯೆಂದು ಅರ್ಥ.

ಶಾಖದೊಡನೆ ಇನ್ನೊಂದು ಶತ್ರು ಕೈಜೋಡಿಸುತ್ತದೆ. ಅದು ಪೂರ್ಣ ಚಾರ್ಜ್. ಕೆನಡಾದ ಕ್ಯಾಡೆಕ್ಸ್ ಸಂಸ್ಥೆಯವರು ನಡೆಸುವ ‘ಬ್ಯಾಟರಿ ಯೂನಿವರ್ಸಿಟಿ’ ಎಂಬ ಮಾಹಿತಿ ಕೇಂದ್ರವು ಒಂದು ವರ್ಷ ಬಳಸದೆ ಇಟ್ಟ ಲಿಥಿಯಂ ಬ್ಯಾಟರಿಯಲ್ಲಿ ಎಷ್ಟು ಸಾಮರ್ಥ್ಯ ಉಳಿಯುತ್ತದೆಂಬ ಅಂದಾಜನ್ನು ಕೊಟ್ಟಿದೆ. ಶೇಕಡಾ 40ರಷ್ಟು ಚಾರ್ಜ್ ಇಟ್ಟು 25 ಡಿಗ್ರಿಯಲ್ಲಿಟ್ಟರೆ ಶೇಕಡಾ 96 ಉಳಿಯುತ್ತದೆ. 40 ಡಿಗ್ರಿಯಲ್ಲಿಟ್ಟರೆ 85. ಆದರೆ ಪೂರ್ಣ ಚಾರ್ಜ್ ಮಾಡಿ ಇಟ್ಟಲ್ಲಿ 25 ಡಿಗ್ರಿಯಲ್ಲಿ ಉಳಿಯುವುದು 80, 40 ಡಿಗ್ರಿಯಲ್ಲಿ ಕೇವಲ 65. ಈ ಕೊನೆಯ ಅಂಕಿಯನ್ನು ವರ್ತಕ ಬಾಂಧವರು ಮತ್ತೊಮ್ಮೆ ಓದಬೇಕೆಂದು ಕೋರುತ್ತೇನೆ. ಏನೂ ಕೆಲಸ ಮಾಡದೆ, ಸುಮ್ಮನೆ ಬಿಸಿ ಜಾಗದಲ್ಲಿ ತುಂಬಿದ ಬ್ಯಾಟರಿಯೊಂದಿಗೆ ಕುಳಿತ ಉಪಕರಣವು ವರ್ಷದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ನಮ್ಮ ಅಂಗಡಿಗಳಲ್ಲಿ ನಡೆಯುತ್ತಿರುವುದು ಇದೇ. ಬೆಳಿಗ್ಗೆ ಬಾಗಿಲು ತೆರೆದೊಡನೆ ಟ್ಯಾಬ್ಲೆಟ್ಟಿಗೆ ಚಾರ್ಜರ್ ಸಿಕ್ಕಿಸುತ್ತೇವೆ. ರಾತ್ರಿ ಬಾಗಿಲು ಹಾಕುವವರೆಗೆ ತೆಗೆಯುವುದಿಲ್ಲ. ಕರೆಂಟು ಹೋದರೆ ಎಂಬ ಭಯ ಸಹಜವೇ. ಆದರೆ ದಿನವಿಡೀ ನೂರಕ್ಕೆ ನೂರು ತುಂಬಿ, ತಗಡಿನ ಕೆಳಗೆ 40 ಡಿಗ್ರಿಯಲ್ಲಿ, ಚಾರ್ಜರಿನ ಶಾಖವನ್ನೂ ಸೇರಿಸಿಕೊಂಡು ಕುಳಿತ ಬ್ಯಾಟರಿಯು ಎರಡನೆಯ ಬೇಸಿಗೆಯಲ್ಲಿ ಕೈಕೊಟ್ಟರೆ ಅದರ ತಪ್ಪೇನೂ ಇಲ್ಲ. 18,000 ರೂಪಾಯಿಯ ಉಪಕರಣವೊಂದು ನಾಲ್ಕು ವರ್ಷ ಬಂದರೆ ವರ್ಷಕ್ಕೆ 4,500 ರೂಪಾಯಿ ಖರ್ಚು. ಎರಡೇ ವರ್ಷ ಬಂದರೆ 9,000. ಇಂತಹ ನಾಲ್ಕಾರು ಉಪಕರಣಗಳಿರುವ ಸಗಟು ಅಂಗಡಿಯವರು ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದು.

ಸವೆದ ಬ್ಯಾಟರಿಯ ಲಕ್ಷಣವನ್ನು ಅನೇಕರು ತಪ್ಪಾಗಿ ಗ್ರಹಿಸುತ್ತಾರೆ. ಶೇಕಡಾ 30 ತೋರಿಸುತ್ತಿರುವಾಗಲೇ ಉಪಕರಣ ತಟ್ಟನೆ ಆರಿಹೋದರೆ ‘ಸಾಫ್ಟ್‌ವೇರ್ ಕೆಟ್ಟಿದೆ’ ಎನ್ನುತ್ತಾರೆ. ಸವೆದ ಬ್ಯಾಟರಿಯ ಆಂತರಿಕ ಪ್ರತಿರೋಧ ಹೆಚ್ಚಾಗಿರುವುದರಿಂದ, ಒಮ್ಮೆಲೇ ಹೆಚ್ಚು ಶಕ್ತಿ ಕೇಳಿದಾಗ ವೋಲ್ಟೇಜ್ ಕುಸಿದು ಹೀಗಾಗುತ್ತದೆ. 2017ರ ಡಿಸೆಂಬರಿನಲ್ಲಿ ಆಪಲ್ ಸಂಸ್ಥೆಯು ಇದೇ ಕಾರಣಕ್ಕಾಗಿ ಹಳೆಯ ಐಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದುದನ್ನು ಒಪ್ಪಿಕೊಂಡಿತು. ಗ್ರಾಹಕರ ಆಕ್ರೋಶದ ನಂತರ 2018ರಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು ಅಮೆರಿಕೆಯಲ್ಲಿ 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. ಮೊಬೈಲ್ ನಿಧಾನವಾಯಿತೆಂದು ಹೊಸದನ್ನು ಕೊಳ್ಳುವ ಮೊದಲು ಬ್ಯಾಟರಿಯನ್ನು ಬದಲಿಸಿ ನೋಡುವುದು ಲಾಭಕರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಚಳಿಯ ಮಾತು

ನಮಗೆ ಚಳಿಯ ಗೊಡವೆಯೇಕೆ ಎಂದು ಕೇಳಬಹುದು. ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯನ್ನೂ ವಿಜಯಪುರದಲ್ಲಿ ಒಣದ್ರಾಕ್ಷಿಯನ್ನೂ ಶೀತಲಗೃಹಗಳಲ್ಲಿಟ್ಟು ವ್ಯಾಪಾರ ಮಾಡುವವರು, ಮಲ್ಪೆ ಮಂಗಳೂರುಗಳ ಮೀನು ಶೈತ್ಯಾಗಾರದವರು, ಐಸ್‌ಕ್ರೀಮ್ ವಿತರಕರು, ಇವರೆಲ್ಲರ ನೌಕರರು ಈಗ ಮೊಬೈಲ್ ಅಥವಾ ಬಾರ್‌ಕೋಡ್ ಯಂತ್ರವನ್ನು ಹಿಡಿದುಕೊಂಡೇ ಒಳಹೋಗುತ್ತಾರೆ. ಮೀನು, ಐಸ್‌ಕ್ರೀಮ್‌ಗಳ ಕೊಠಡಿಯಲ್ಲಿ ಉಷ್ಣಾಂಶ ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ಕೆಳಗಿರುತ್ತದೆ.

ಶಾಖ ಮತ್ತು ಚಳಿಯ ಹಾನಿಗಳಲ್ಲಿ ಒಂದು ಮುಖ್ಯ ಭೇದವಿದೆ. ಚಳಿಯಲ್ಲಿ ಬ್ಯಾಟರಿಯ ದ್ರವವು ಮಂದವಾಗಿ ಲಿಥಿಯಂ ಕಣಗಳ ಓಡಾಟ ನಿಧಾನವಾಗುತ್ತದೆ; ಚಾರ್ಜ್ ಬೇಗ ಮುಗಿದಂತೆ ತೋರುತ್ತದೆ. ಪರದೆಯಲ್ಲಿ ಅಕ್ಷರಗಳು ನಿಧಾನವಾಗಿ ಮೂಡುತ್ತವೆ. ಹೊರಗೆ ತಂದು ಬೆಚ್ಚಗಾದೊಡನೆ ಇವೆರಡೂ ಸರಿಹೋಗುತ್ತವೆ. ಶಾಖದಿಂದ ಹೋದದ್ದಾದರೋ ಹೋದದ್ದೇ. ಆದರೆ ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಬ್ಯಾಟರಿಯನ್ನು ಚಾರ್ಜ್ ಮಾಡುವುದು ಮಾತ್ರ ಅಪಾಯಕರ. ಆಗ ಲಿಥಿಯಂ ಗ್ರಾಫೈಟಿನೊಳಗೆ ಸೇರಲಾರದೆ ಹೊರಮೈಯಲ್ಲಿ ಲೋಹವಾಗಿ ಲೇಪನಗೊಳ್ಳುತ್ತದೆ. ಸಾಮರ್ಥ್ಯ ಶಾಶ್ವತವಾಗಿ ಕುಗ್ಗುವುದಲ್ಲದೆ, ಒಳಗೇ ಶಾರ್ಟ್ ಸರ್ಕ್ಯೂಟ್ ಆಗುವ ಸಂಭವವೂ ಇದೆ. ಉತ್ತಮ ಉಪಕರಣಗಳು ಇಂತಹ ಸ್ಥಿತಿಯಲ್ಲಿ ಚಾರ್ಜನ್ನು ತಾವೇ ತಡೆಯುತ್ತವೆ, ಅಗ್ಗದವುಗಳನ್ನು ನಂಬಲಾಗದು. ಶೈತ್ಯಾಗಾರದ ಒಳಗೆ ಚಾರ್ಜಿಂಗ್ ಪ್ಲಗ್ ಇರಕೂಡದು.

ಚಳಿಗಿಂತಲೂ ಹೆಚ್ಚು ಉಪಕರಣಗಳನ್ನು ಬಲಿ ತೆಗೆದುಕೊಳ್ಳುವುದು ಚಳಿಯಿಂದ ಹೊರಬರುವ ಗಳಿಗೆ. ಗಾಳಿಯಲ್ಲಿರುವ ತೇವವು ತನಗಿಂತ ತಣ್ಣಗಿನ ವಸ್ತುವಿನ ಮೇಲೆ ಹನಿಗಟ್ಟುವುದು ಎಲ್ಲರೂ ಬಲ್ಲ ಸಂಗತಿ. ಸೋಡಾ ಬಾಟಲಿಯ ಹೊರಮೈಯನ್ನು ನೋಡಿದರೆ ಸಾಕು. ಮಂಗಳೂರಿನಲ್ಲಿ 32 ಡಿಗ್ರಿ ಉಷ್ಣಾಂಶವೂ ಶೇಕಡಾ 70 ತೇವಾಂಶವೂ ಇರುವ ದಿನ, 26 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೆ ಹನಿ ಕಟ್ಟುತ್ತದೆ. ಹವಾನಿಯಂತ್ರಿತ ಕಚೇರಿಯಿಂದ ಹೊರತಂದ ಮೊಬೈಲಿಗೂ ಈ ಮಾತು ಸಲ್ಲುತ್ತದೆ. ಒಣಹವೆಯ ಕಲಬುರಗಿಯಲ್ಲಿ ಉಷ್ಣಾಂಶ 41, ತೇವಾಂಶ ಶೇಕಡಾ 20 ಇದ್ದರೂ ಹನಿಗಟ್ಟುವ ಗೆರೆಯು 13 ಡಿಗ್ರಿಯ ಮೇಲೆಯೇ ಇರುತ್ತದೆ. ಫ್ರಿಜ್ಜಿನಲ್ಲಿ ನಾಲ್ಕೈದು ಡಿಗ್ರಿಗೆ ತಣಿದ ಟ್ಯಾಬ್ಲೆಟ್ಟನ್ನು ಹೊರತೆಗೆದಾಗ ಏನಾಗುತ್ತದೆಂಬುದನ್ನು ಈ ಲೇಖನದ ಆರಂಭದಲ್ಲಿಯೇ ನೋಡಿದ್ದೇವೆ. ಶೈತ್ಯಾಗಾರದ ನೌಕರರಿಗೆ ಸಲಹೆಯೆಂದರೆ, ಒಳಗಿರುವಾಗಲೇ ಉಪಕರಣವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ ಹೊರತಂದು, ಅರ್ಧ ಮುಕ್ಕಾಲು ಗಂಟೆ ಬಿಟ್ಟು ತೆರೆಯತಕ್ಕದ್ದು. ಹನಿಗಳು ಚೀಲದ ಹೊರಮೈಗೆ ಕಟ್ಟಿಕೊಂಡು ಅಲ್ಲಿಯೇ ಒಣಗುತ್ತವೆ.

ಅಳಿಸಿಹೋಗುವ ಬಿಲ್ಲು

ಇಲ್ಲಿ ಒಂದು ಉಪವಿಷಯವನ್ನು ಪ್ರಸ್ತಾಪಿಸದೆ ಮುಂದುವರಿಯಲಾಗದು. ಕೈಯಲ್ಲಿ ಹಿಡಿಯುವ ಬಿಲ್ಲಿಂಗ್ ಯಂತ್ರಗಳು ಶಾಯಿಯಿಲ್ಲದೆ ಮುದ್ರಿಸುತ್ತವೆ. ಅವುಗಳ ಕಾಗದಕ್ಕೆ ಶಾಖ ತಗುಲಿದರೆ ಕಪ್ಪಾಗುವ ಲೇಪನವಿರುತ್ತದೆ. ಶಾಖದಿಂದ ಮೂಡಿದ ಅಕ್ಷರವು ಬಿಸಿಲು ಮತ್ತು ಶಾಖದಿಂದಲೇ ಮಾಸುತ್ತದೆ. ಕಾರಿನಲ್ಲಿ ಬಿಟ್ಟ ಬಿಲ್ಲು ಪೂರ್ತಿ ಕಪ್ಪಾಗುವುದೂ, ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟದ್ದು ಬಿಳಿಯಾಗುವುದೂ ಉಂಟು. ಜಿ.ಎಸ್.ಟಿ. ಕಾಯಿದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿರಿಸಬೇಕು. ಪತ್ರಾಸಿನ ಕೆಳಗಿನ ಕಪಾಟಿನಲ್ಲಿ ಆರು ಬೇಸಿಗೆ ಕಳೆದ ಇಂತಹ ಬಿಲ್ಲನ್ನು ಯಾವ ಅಧಿಕಾರಿಯೂ ಓದಲಾರನು. ಖರೀದಿಯ ಇಂತಹ ಬಿಲ್ಲು ಬಂದ ದಿನವೇ ಅದರ ಜೆರಾಕ್ಸ್ ಪ್ರತಿಯನ್ನೋ ಚಿತ್ರವನ್ನೋ ತೆಗೆದಿಡುವುದು ಕ್ಷೇಮ.

ತಯಾರಕರ ಪಾಲು

ತೂಕದ ಯಂತ್ರ, ಬಿಲ್ಲಿಂಗ್ ಯಂತ್ರ, ಚಾರ್ಜರ್, ಸೌರದೀಪ ಮುಂತಾದವುಗಳನ್ನು ಜೋಡಿಸುವ ಸಣ್ಣ ಉದ್ದಿಮೆದಾರರು ನಮ್ಮಲ್ಲಿ ಕಡಿಮೆಯಿಲ್ಲ. ಅವರ ಗಮನಕ್ಕೆ ಎರಡು ಮಾತು. ಬಿಡಿಭಾಗಗಳಲ್ಲಿ ವಾಣಿಜ್ಯ ದರ್ಜೆಯವು 0ಯಿಂದ 70 ಡಿಗ್ರಿಗೂ, ಕೈಗಾರಿಕಾ ದರ್ಜೆಯವು ಮೈನಸ್ 40ರಿಂದ 85 ಡಿಗ್ರಿಗೂ ಹೊಂದುವಂತೆ ತಯಾರಾಗಿರುತ್ತವೆ. ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ನಮ್ಮ ಬೇಸಿಗೆಯಲ್ಲಿ, 70 ಡಿಗ್ರಿಯೆಂಬುದು ದೂರದ ಮಾತಲ್ಲ.

ಎರಡನೆಯದು ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಲೆಕ್ಕ. ಇದರ ಆಯುಷ್ಯಕ್ಕೂ ಹತ್ತು ಡಿಗ್ರಿಯ ನಿಯಮವೇ ಅನ್ವಯಿಸುತ್ತದೆ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರು 65 ಡಿಗ್ರಿಯ ಪೆಟ್ಟಿಗೆಯೊಳಗೆ ಸುಮಾರು 8,000 ಗಂಟೆ ಬಾಳುತ್ತದೆ. ಸತತವಾಗಿ ಚಾಲೂ ಇರುವ ಉಪಕರಣವಾದರೆ ಒಂದು ವರ್ಷವೂ ಆಗಲಿಲ್ಲ, ಏಕೆಂದರೆ ವರ್ಷಕ್ಕೆ 8,760 ಗಂಟೆಗಳು. ಅಷ್ಟೇ ಗಂಟೆಗಳಿಗೆ 105 ಡಿಗ್ರಿಯ ಗುರುತಿರುವುದನ್ನು ಹಾಕಿದರೆ 32,000 ಗಂಟೆ, ಅಂದರೆ ಮೂರೂವರೆ ವರ್ಷಕ್ಕೂ ಮೇಲೆ. ಎರಡರ ಬೆಲೆಯಲ್ಲಿರುವ ವ್ಯತ್ಯಾಸ ಅತ್ಯಲ್ಪ. ಈ ಅಲ್ಪವನ್ನು ಉಳಿಸಲು ಹೋಗಿ ವಾರಂಟಿಯೊಳಗೇ ಮಾಲು ವಾಪಸ್ಸು ಬರಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಉಷ್ಣ, ಶೀತ, ತೇವಗಳ ಪರೀಕ್ಷೆಗಾಗಿ ಭಾರತೀಯ ಮಾನಕ ಬ್ಯೂರೋದ ಐ.ಎಸ್. 9000 ಸರಣಿಯ ಮಾನಕಗಳಿವೆ. ಇಂತಹ ಪರೀಕ್ಷೆಗಳಿಗೆ ಬೆಂಗಳೂರಿನ ಪೀಣ್ಯದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಮತ್ತು ಅಭಿವೃದ್ಧಿ ಕೇಂದ್ರವಿದೆ. ಕಡ್ಡಾಯ ನೋಂದಣಿಗೂ ಬಾಳಿಕೆಗೂ ಇರುವ ಭೇದವನ್ನು ಇಲ್ಲಿ ತಿಳಿಯಬೇಕು. 2012ರ ಕಡ್ಡಾಯ ನೋಂದಣಿ ಆದೇಶದ ವ್ಯಾಪ್ತಿಗೆ ಟ್ಯಾಬ್ಲೆಟ್‌ಗಳೂ, ಮುಂದೆ ಮೊಬೈಲ್, ಪವರ್ ಬ್ಯಾಂಕ್, ಬ್ಯಾಟರಿಗಳೂ ಬಂದವು. ಬ್ಯಾಟರಿಗೆ ಅನ್ವಯಿಸುವ ಐ.ಎಸ್. 16046ರಲ್ಲಿ ಕೋಶವನ್ನು 130 ಡಿಗ್ರಿಗೆ ಕಾಯಿಸಿ ನೋಡುವ ಪರೀಕ್ಷೆಯೂ ಸೇರಿದೆ. ಇದು ಸುರಕ್ಷತೆಯ ಪರೀಕ್ಷೆ. ಗುರುತಿರುವ ಬ್ಯಾಟರಿ ಸುಲಭವಾಗಿ ಬೆಂಕಿ ಹಿಡಿಯುವುದಿಲ್ಲವೆಂದು ನಂಬಬಹುದು; ನಾಲ್ಕು ಬೇಸಿಗೆ ಬಾಳುತ್ತದೆಂದು ಅದು ಹೇಳುವುದಿಲ್ಲ.

ದಾಸ್ತಾನು ಮಾಡುವವರಿಗೆ

ಮೊಬೈಲ್, ಪವರ್ ಬ್ಯಾಂಕ್‌ಗಳ ವಿತರಕರು ತಮ್ಮ ಮಾಲನ್ನು ಗೋದಾಮಿನ ಅಟ್ಟದ ಮೇಲೆ, ತಗಡಿಗೆ ತಾಗುವಂತೆ ಒಟ್ಟುವುದುಂಟು. ಅಲ್ಲಿಯ ಉಷ್ಣಾಂಶವೇ ಗೋದಾಮಿನಲ್ಲಿ ಅತ್ಯಧಿಕವಾದುದು. ಇಂತಹ ಮಾಲಿಗೆ ನೆಲದ ಸಮೀಪದ, ಪಡುವಣ ಗೋಡೆಯಿಂದ ದೂರದ ಜಾಗವನ್ನು ಕೊಡಬೇಕು. ಮೊದಲು ಬಂದದ್ದು ಮೊದಲು ಹೋಗಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2016ರ ಏಪ್ರಿಲ್ 1ರಿಂದ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಸರಕಾಗಿ ಸಾಗಿಸುವುದನ್ನು ನಿಷೇಧಿಸಿತು. ಸರಕು ವಿಮಾನಗಳಲ್ಲಿಯೂ ಶೇಕಡಾ 30ಕ್ಕಿಂತ ಹೆಚ್ಚು ಚಾರ್ಜ್ ಇರಕೂಡದೆಂದು ವಿಧಿಸಿತು. ಆಕಾಶದಲ್ಲಿ ಸುರಕ್ಷಿತವಾದ ಕ್ರಮ ಗೋದಾಮಿನಲ್ಲಿಯೂ ಹಿತಕರವೇ. ಡೆಮೋ ತೋರಿಸಿ ಪೂರ್ಣ ಚಾರ್ಜ್ ಮಾಡಿದ ಉಪಕರಣಗಳನ್ನು ಹಾಗೆಯೇ ಪೆಟ್ಟಿಗೆಗೆ ಹಾಕಿ ತಿಂಗಳುಗಟ್ಟಲೆ ಇಡುವುದು ಸಲ್ಲದು. ಪೂರ್ತಿ ಬರಿದು ಮಾಡಿ ಇಡುವುದೂ ತಪ್ಪು. ಹಾಗೆ ಇಟ್ಟವು ಮತ್ತೆ ಚಾರ್ಜ್ ಹಿಡಿಯದೆ ಹೋಗಬಹುದು.

ಅಂಗಡಿಯೊಳಗೆ ಮಾಡಬೇಕಾದ ವ್ಯವಸ್ಥೆಗೆ ಹೆಚ್ಚಿನ ಖರ್ಚೇನೂ ಬೇಕಾಗುವುದಿಲ್ಲ. ಟ್ಯಾಬ್ಲೆಟ್ಟಿನ ಸ್ಟ್ಯಾಂಡನ್ನು ಬಾಗಿಲ ಬಿಸಿಲಿನಿಂದ ನಾಲ್ಕು ಅಡಿ ಒಳಗೆ ಸರಿಸುವುದು, ದಪ್ಪ ಕವಚವನ್ನು ಏಪ್ರಿಲ್ ಮೇ ತಿಂಗಳುಗಳಲ್ಲಿ ತೆಗೆದಿಡುವುದು, ಚಾರ್ಜನ್ನು ಬೆಳಗಿನ ತಂಪಿನಲ್ಲಿ ಮುಗಿಸಿ ಮಧ್ಯಾಹ್ನ 12ರಿಂದ 4ರವರೆಗೆ ಚಾರ್ಜರ್ ತೆಗೆದಿಡುವುದು, ಇಷ್ಟರಿಂದಲೇ ಅರ್ಧ ಹಾನಿ ತಪ್ಪುತ್ತದೆಂಬುದು ನನ್ನ ಅಭಿಪ್ರಾಯ. ಅನೇಕ ಹೊಸ ಉಪಕರಣಗಳಲ್ಲಿ ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಆಯ್ಕೆ ಇದೆ. ದಿನವಿಡೀ ಪ್ಲಗ್ಗಿನಲ್ಲಿಯೇ ಇರುವ ಉಪಕರಣಕ್ಕೆ ಅದನ್ನು ತಪ್ಪದೆ ಹಾಕಿಕೊಳ್ಳಬೇಕು. ಕಾದ ಉಪಕರಣವನ್ನು ತಣಿಸಲು ಫ್ಯಾನಿನ ಗಾಳಿಯಲ್ಲಿ, ಕಲ್ಲು ಹಾಸಿನ ನೆಲದ ಮೇಲೆ, ಆರಿಸಿ ಇಟ್ಟರೆ ಸಾಕು. ನಾಲ್ಕಾರು ಯಂತ್ರಗಳನ್ನು ಒಟ್ಟಿಗೆ ಕೊಳ್ಳುವವರು ಖರೀದಿ ಆದೇಶದಲ್ಲಿಯೇ ‘45 ಡಿಗ್ರಿಯ ಸುತ್ತಲ ಉಷ್ಣಾಂಶದಲ್ಲಿ ಕೆಲಸ ಮಾಡತಕ್ಕದ್ದು’ ಎಂದು ಬರೆಯಿಸಿ, ವಿವರಪಟ್ಟಿಯಲ್ಲಿ ಅದನ್ನು ತೋರಿಸುವಂತೆ ಕೇಳಬೇಕು. ಹೊರಾಂಗಣ ಬಳಕೆಗಾಗಿಯೇ ತಯಾರಾದ, ಹೆಚ್ಚಿನ ಉಷ್ಣಾಂಶ ತಾಳುವ ಟ್ಯಾಬ್ಲೆಟ್‌ಗಳು ದೊರೆಯುತ್ತವೆ, ಬೆಲೆ ಹೆಚ್ಚು. ಗಂಜ್ ಆವರಣದಲ್ಲಿ, ಬಯಲಿನಲ್ಲಿ ಕೆಲಸ ಮಾಡುವವರಿಗೆ ಆ ಬೆಲೆ ಸಾರ್ಥಕ. ನೆರಳಿನ ಅಂಗಡಿಯವರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಕೊನೆಯದಾಗಿ ಉಬ್ಬಿದ ಬ್ಯಾಟರಿಯ ವಿಷಯ. ಒಳಗಿನ ದ್ರವ ಒಡೆದು ಅನಿಲವಾದಾಗ ಬ್ಯಾಟರಿ ಹಪ್ಪಳದಂತೆ ಉಬ್ಬುತ್ತದೆ. ಟ್ಯಾಬ್ಲೆಟ್ಟಿನ ಗಾಜು ಒಂದು ಬದಿಯಲ್ಲಿ ಮೇಲೆದ್ದಂತೆ, ಮೇಜಿನ ಮೇಲಿಟ್ಟರೆ ಅಲುಗಾಡುವಂತೆ ಕಾಣುತ್ತದೆ. ಅಂತಹದನ್ನು ಒತ್ತಿ ಕೂರಿಸಲು, ಚುಚ್ಚಿ ಗಾಳಿ ತೆಗೆಯಲು ಯಾರೂ ಪ್ರಯತ್ನಿಸಕೂಡದು, ಬೆಂಕಿ ಹೊತ್ತಿಕೊಳ್ಳುವ ಅಪಾಯ ನಿಜವಾದುದು. ಕೂಡಲೇ ಚಾರ್ಜರ್ ತೆಗೆದು, ಉಪಕರಣವನ್ನು ಆರಿಸಿ, ಗೋಣಿಚೀಲ ಕಾಗದಗಳಿಂದ ದೂರದಲ್ಲಿ ಮಣ್ಣಿನ ಅಥವಾ ಲೋಹದ ಪಾತ್ರೆಯಲ್ಲಿರಿಸಿ ದುರಸ್ತಿಗಾರರಿಗೆ ತಲುಪಿಸಬೇಕು. 2022ರ ಆಗಸ್ಟ್‌ನಲ್ಲಿ ಜಾರಿಯಾದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಇತರ ಕಸದೊಡನೆ ಸೇರಿಸದೆ, ಅದನ್ನು ಸಂಗ್ರಹಿಸುವ ಅಥವಾ ಮರುಬಳಕೆಗೆ ಒಳಪಡಿಸುವ ಸಂಸ್ಥೆಗೆ ಒಪ್ಪಿಸುವುದು ಬಳಕೆದಾರರ ಹೊಣೆಯಾಗಿದೆ. ಕಲಬುರಗಿಯ ಆ ಅಡತಿ ವ್ಯಾಪಾರಿಗಳು ಈಗ ಹೊಸ ಟ್ಯಾಬ್ಲೆಟ್ಟನ್ನು ಒಳಕೋಣೆಯ ಕಲ್ಲಿನ ಗೂಡಿನಲ್ಲಿ ಇರಿಸಿದ್ದಾರೆ. ಪ್ರತಿದಿನ ಸಂಜೆ ಉದ್ರಿಯ ಮೊತ್ತಗಳನ್ನು ಕಿರ್ದಿ ಪುಸ್ತಕದಲ್ಲಿಯೂ ಒಂದು ಸಾಲು ಬರೆದಿಡುತ್ತಾರೆ.